ಹೊಳೆಯಲ್ಲಿ ತೊಳೆದ ಹುಣಸೆಹಣ್ಣು

ಚೆನ್ನೈ ಸೆಂಟ್ರಲ್‌ನಲ್ಲಿ ರೈಲಿಳಿದು ಮರೀನಾ ಬೀಚಿಗೆ ಆಟೊ ಹತ್ತಿದವರಿಗೆ ಸಮುದ್ರಕ್ಕಿಂತ ಮೊದಲು ಇನ್ನೊಂದು ನೀರಿನ ಪರಿಚಯವಾಗುತ್ತದೆ. ಅದು ಮೂಗಿಗೆ ಆಗುವ ಪರಿಚಯ. ನೇಪಿಯರ್ ಸೇತುವೆ ಇನ್ನೂ ಎದುರಿಗೆ ಕಾಣುತ್ತಿರುವಾಗಲೇ ಹಿಂದಿನ ಸೀಟಿನಲ್ಲಿ ಸೆರಗು, ದುಪಟ್ಟಾ, ಕರವಸ್ತ್ರಗಳು ಒಂದೊಂದಾಗಿ ಮೂಗಿಗೇರುತ್ತವೆ. ಆಟೊದವನು ಮಾತ್ರ ಏನೂ ಆಗದವನಂತೆ ಹಾರ್ನ್ ಒತ್ತುತ್ತಾ ಮುಂದೆ ಸಾಗುತ್ತಾನೆ. ಕೆಳಗೆ ಡಾಂಬರು ಕರಗಿಸಿ ಬಿಟ್ಟಂತೆ ಕೂವಂ ನದಿ. ಎಡಕ್ಕೆ ಕತ್ತು ಹೊರಳಿಸಿದರೆ ಕಣ್ಣಳತೆಯಲ್ಲೇ ನೀಲಿ ಬಂಗಾಳ ಕೊಲ್ಲಿ.

2022ರಲ್ಲಿ ಚೆಸ್ ಒಲಿಂಪಿಯಾಡ್ ನಡೆದಾಗ ಈ ಸೇತುವೆಗೆ ಚದುರಂಗದ ಮಣೆಯ ಹಾಗೆ ಕಪ್ಪು ಬಿಳಿ ಚೌಕಗಳನ್ನು ಬಳಿದಿದ್ದರು. ಫೋಟೊದಲ್ಲಿ ಬಹಳ ಚೆಂದ ಬಂತು. ಫೋಟೊಕ್ಕೆ ವಾಸನೆ ಇರುವುದಿಲ್ಲವಲ್ಲ.

ಇಷ್ಟು ಹತ್ತಿರ ಸಮುದ್ರವಿದೆ. ದಿನಕ್ಕೆ ಎರಡು ಬಾರಿ ಉಬ್ಬರ ಬಂದು ಎರಡು ಬಾರಿ ಇಳಿದು ಹೋಗುತ್ತದೆ. ಯಾರೂ ಬಿಲ್ಲು ಕಳಿಸದ ಇಂಥ ಫ್ಲಶ್ ವ್ಯವಸ್ಥೆ ಇದ್ದೂ ನದಿ ಯಾಕೆ ನಾರಬೇಕು? ಒಳನಾಡಿನ ಊರುಗಳ ಕೊಳಕು ಹಳ್ಳಗಳಿಗಿಂತ ಸಮುದ್ರ ಮುಟ್ಟುವ ಊರಿನ ನದಿ ಹೆಚ್ಚು ನಾರುವುದು ಯಾಕೆ? ಲಂಡನ್ನಿನ ಥೇಮ್ಸ್, ಮುಂಬೈಯ ಮೀಠಿ, ಚೆನ್ನೈಯ ಕೂವಂ ಎಲ್ಲಕ್ಕೂ ಇದು ಅನ್ವಯಿಸುವ ಪ್ರಶ್ನೆ. ಉತ್ತರದ ಅರ್ಧ ಭಾಗ ನಮ್ಮೊಂದು ಗಾದೆಯಲ್ಲೇ ಇದೆ. ವ್ಯರ್ಥ ಕೆಲಸಕ್ಕೆ ನಾವು ‘ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ’ ಎನ್ನುತ್ತೇವೆ. ಹುಳಿಯೆಲ್ಲ ಹರಿಯುವ ನೀರಿನ ಪಾಲು, ಎಷ್ಟು ತೊಳೆದರೂ ಹೊಳೆ ಹುಳಿಯಾಗದು ಎಂಬ ನಂಬಿಕೆ ಅದರ ಒಳಗಿದೆ. ಬೆಟ್ಟದಿಂದ ಒಂದೇ ದಿಕ್ಕಿಗೆ ಹರಿಯುವ ಹೊಳೆಗೆ ಈ ಮಾತು ಸರಿ. ಅಳಿವೆಯ ಹೊಳೆಗೆ ಸರಿಯಲ್ಲ.

ತೊಟ್ಟಿಲಾಡುವ ನೀರು

ಕರಾವಳಿಯವರಿಗೆ ಹೇಳಬೇಕಾಗಿಲ್ಲ, ಘಟ್ಟದ ಮೇಲಿನವರಿಗಾಗಿ ಒಂದು ಮಾತು. ನದಿ ಕಡಲು ಸೇರುವ ಬಾಯಿಗೆ ಅಳಿವೆ ಎಂದು ಹೆಸರು. ಸುಮಾರು ಆರು ಗಂಟೆ ಕಾಲ ಕಡಲು ಏರುತ್ತಾ ಆ ಬಾಯಿಂದ ಒಳಗೆ ನುಗ್ಗುತ್ತದೆ. ಮತ್ತೆ ಆರು ಗಂಟೆ ಹಿಂದೆ ಸರಿಯುತ್ತದೆ. ಈ ಏರಿಳಿತ ಚೆನ್ನೈಯಲ್ಲಿ ಸುಮಾರು ಒಂದು ಮೀಟರ್, ಮಂಗಳೂರಿನಲ್ಲಿ ಅದಕ್ಕಿಂತ ತುಸು ಹೆಚ್ಚು, ಮುಂಬೈಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಹೊತ್ತಿಗೆ ಐದು ಮೀಟರಿನ ಹತ್ತಿರ. ಲಂಡನ್ ಸೇತುವೆಯ ಬಳಿ ಏಳು ಮೀಟರಿನವರೆಗೂ ಹೋಗುತ್ತದೆ. ಅಂದರೆ ಎರಡಂತಸ್ತಿನ ಮನೆಯಷ್ಟು ಎತ್ತರ.

ನೋಡುವವರಿಗೆ ಇದು ಭರ್ಜರಿ ತೊಳೆತದಂತೆ ಕಾಣುತ್ತದೆ. ಆದರೆ ಒಂದು ತೆಂಗಿನಕಾಯಿಯನ್ನು ಇಳಿತದ ಹೊತ್ತಿಗೆ ಥೇಮ್ಸ್‌ಗೆ ಎಸೆಯಿರಿ. ಅದು ಕಿಲೋಮೀಟರುಗಟ್ಟಲೆ ಕಡಲಿನತ್ತ ತೇಲಿ ಹೋಗುತ್ತದೆ. ಆರು ಗಂಟೆಯ ಬಳಿಕ ಉಬ್ಬರ ಅದನ್ನು ಹೆಚ್ಚುಕಡಿಮೆ ಎಸೆದ ಜಾಗಕ್ಕೇ ತಂದು ಬಿಡುತ್ತದೆ. ಈ ಹೋಗಿಬರುವ ಆಟದಲ್ಲಿ ಕಾಯಿ ನಿಜವಾಗಿ ಮುಂದೆ ಹೋಗಬೇಕಾದರೆ ಮೇಲಿನಿಂದ ಹೊಸ ಸಿಹಿನೀರು ಹರಿದು ಬಂದು ತಳ್ಳಬೇಕು. ಬೇಸಿಗೆಯಲ್ಲಿ ಆ ತಳ್ಳುವ ನೀರು ಕಡಿಮೆ. ಹಾಗಾಗಿ ನಗರದಲ್ಲಿ ನದಿಗೆ ಬಿದ್ದ ಕೊಳೆ ಕಡಲು ಕಾಣಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕಾಗುತ್ತವೆ. ತೊಟ್ಟಿಲು ಎಷ್ಟು ಜೋರಾಗಿ ತೂಗಿದರೂ ಮಗು ಅಲ್ಲೇ ಇರುವಂತೆ.

ಇನ್ನೊಂದು ತೊಡಕಿದೆ. ಉಪ್ಪುನೀರು ಸಿಹಿನೀರಿಗಿಂತ ಭಾರ. ಅದು ತಳ ಹಿಡಿದು ಒಳಗೆ ಬರುತ್ತದೆ, ಸಿಹಿನೀರು ಅದರ ಮೇಲೆ ಜಾರುತ್ತದೆ. ಎರಡೂ ಬೆರೆಯುವಲ್ಲಿ ನೀರಿನಲ್ಲಿ ತೇಲುತ್ತಿದ್ದ ನವಿರಾದ ಮಣ್ಣು ಹಾಲು ಒಡೆದಂತೆ ಗರಣೆಗಟ್ಟಿ ಕೆಳಗೆ ಕೂರುತ್ತದೆ. ಜೊತೆಗೆ ಕೊಳಚೆಯ ಕಣಗಳೂ ಕೂರುತ್ತವೆ. ಅಳಿವೆಗಳಲ್ಲಿ ಕಾಲಿಟ್ಟರೆ ಮೊಣಕಾಲು ಹೂಳುವ ಆ ರಾಡಿ ಹುಟ್ಟುವುದು ಹೀಗೆ. ಮನುಷ್ಯ ತನ್ನ ಬಂದರುಗಳನ್ನೂ ಬಂದರಿನ ಸುತ್ತ ತನ್ನ ಮಹಾನಗರಗಳನ್ನೂ ಕಟ್ಟಿಕೊಂಡದ್ದು ಸರಿಯಾಗಿ ಇಂಥ ಜಾಗಗಳಲ್ಲೇ.

ನಾತದ ಅಡುಗೆಮನೆ

ಕೊಳಚೆಗೆ ಅದರದೇ ಒಂದು ವಾಸನೆ ಇದೆ, ನಿಜ. ಆದರೆ ಸೇತುವೆಯ ಮೇಲೆ ಹೊಟ್ಟೆ ತೊಳಸುವಂತೆ ಮಾಡುವುದು ಕೊಳಚೆಯಲ್ಲ. ಕೊಳಚೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳಿಗೆ ಉಸಿರುಕಟ್ಟಿದಾಗ ಏಳುವ ನಾತ ಅದು.

ಒಂದು ಲೀಟರ್ ಶುದ್ಧ ನೀರಿನಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ನಿಲ್ಲಬಲ್ಲ ಆಮ್ಲಜನಕ ಒಂಬತ್ತು ಮಿಲಿಗ್ರಾಂ. 30 ಡಿಗ್ರಿಗೆ ಏರಿದರೆ ಏಳೂವರೆ. ಉಪ್ಪು ಸೇರಿದರೆ ಇನ್ನೂ ಕಡಿಮೆ. ಮೀನುಗಳು ನೆಮ್ಮದಿಯಾಗಿರಲು ನಾಲ್ಕೈದು ಮಿಲಿಗ್ರಾಂ ಬೇಕು. ಇತ್ತ ಒಂದು ಲೀಟರ್ ಕೊಳಚೆಯನ್ನು ಬ್ಯಾಕ್ಟೀರಿಯಾಗಳು ತಿಂದು ಅರಗಿಸಲು ಬೇಕಾಗುವ ಆಮ್ಲಜನಕ 200ರಿಂದ 300 ಮಿಲಿಗ್ರಾಂ. ಲೆಕ್ಕ ಹಾಕಿದರೆ, ಒಂದು ಚೊಂಬು ಕೊಳಚೆ ಸುಮಾರು ಮೂವತ್ತು ಚೊಂಬು ನದಿನೀರಿನ ಉಸಿರು ನುಂಗುತ್ತದೆ. ಹುಣಸೆಹಣ್ಣಿನ ಗಾದೆ ಮುರಿದು ಬೀಳುವುದು ಇಲ್ಲೇ.

ಆಮ್ಲಜನಕ ಮುಗಿದ ಮೇಲೆ ಬ್ಯಾಕ್ಟೀರಿಯಾಗಳ ಊಟವೇನೂ ನಿಲ್ಲುವುದಿಲ್ಲ. ಬರಗಾಲದ ಮನೆಯಲ್ಲಿ ಅನ್ನ ಮುಗಿದರೆ ಗಂಜಿ, ಗಂಜಿಯೂ ಮುಗಿದರೆ ಗೆಡ್ಡೆಗೆಣಸು ಎನ್ನುವಂತೆ ಅವುಗಳೂ ಒಂದೊಂದೇ ಮೆಟ್ಟಿಲು ಇಳಿಯುತ್ತವೆ. ಮೊದಲು ನೀರಿನಲ್ಲಿರುವ ನೈಟ್ರೇಟ್. ಅದೂ ಖಾಲಿಯಾದರೆ ಬೇರೊಂದು ಜಾತಿಯ ಬ್ಯಾಕ್ಟೀರಿಯಾಗಳು ಅಡುಗೆಮನೆಗೆ ಇಳಿದು ಸಲ್ಫೇಟ್ ಎಂಬ ಲವಣದಿಂದ ಆಮ್ಲಜನಕ ಕಿತ್ತುಕೊಂಡು ಬದುಕುತ್ತವೆ. ಕಿತ್ತ ಮೇಲೆ ಉಳಿಯುವ ಗಂಧಕ ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಮೇಲೇಳುತ್ತದೆ. ಕೊಳೆತ ಮೊಟ್ಟೆಯ ನಾತ ಇದರದ್ದೇ.

ಈಗ ಸಮುದ್ರದ ಪಾತ್ರ ನೋಡಿ. ಸಾಮಾನ್ಯ ನದಿನೀರಿನಲ್ಲಿ ಸಲ್ಫೇಟ್ ಇರುವುದು ಲೀಟರಿಗೆ ಕೆಲವು ಹತ್ತು ಮಿಲಿಗ್ರಾಂ ಅಷ್ಟೆ. ಸಮುದ್ರದ ನೀರಿನಲ್ಲಿ ಸುಮಾರು 2,700 ಮಿಲಿಗ್ರಾಂ! ಒಳನಾಡಿನ ಕೊಳಚೆ ಹಳ್ಳದಲ್ಲಿ ಸಲ್ಫೇಟ್ ಬೇಗ ಮುಗಿಯುತ್ತದೆ, ಆಮೇಲೆ ಅಲ್ಲಿ ಏಳುವುದು ಹೆಚ್ಚಾಗಿ ವಾಸನೆಯೇ ಇಲ್ಲದ ಮೀಥೇನ್. ಅಳಿವೆಯಲ್ಲಿ ಹಾಗಲ್ಲ, ಅಲ್ಲಿ ಸಲ್ಫೇಟ್ ಮುಗಿಯುವ ಮಾತೇ ಇಲ್ಲ. ಕೊಳಚೆ ತುಂಬಿದ ಅಳಿವೆಗೆ ಸಮುದ್ರ ತೊಳೆಯಲು ಬರುವುದಲ್ಲ, ನಾತದ ಕಾರ್ಖಾನೆಗೆ ದಿನಕ್ಕೆರಡು ಲೋಡು ಕಚ್ಚಾಮಾಲು ಇಳಿಸಿ ಹೋಗುತ್ತದೆ.

ನೀರು ಮತ್ತು ಕೆಸರು ಕಪ್ಪಗಾಗುವುದೂ ಇದರಿಂದಲೇ. ಸಲ್ಫೈಡ್ ಮಣ್ಣಿನ ಕಬ್ಬಿಣದೊಂದಿಗೆ ಸೇರಿ ಮಸಿಯಂಥ ವಸ್ತುವಾಗುತ್ತದೆ. ಮೊಟ್ಟೆಯನ್ನು ಅತಿಯಾಗಿ ಬೇಯಿಸಿದಾಗ ಹಳದಿಯ ಸುತ್ತ ಮೂಡುವ ಹಸಿರುಗಪ್ಪು ಬಳೆ ನೋಡಿದ್ದೀರಲ್ಲ, ಅದೇ ರಸಾಯನ. ಇಂಥ ನದಿಯ ದಡದ ಮನೆಗಳಲ್ಲಿ ಬೆಳ್ಳಿಯ ಕಾಲುಗೆಜ್ಜೆ ಬೇಗ ಕಪ್ಪಾಗುವುದಕ್ಕೂ ಇದೇ ಅನಿಲ ಕಾರಣ.

ಇಳಿತದ ಹೊತ್ತಿನಲ್ಲಿ ನಾತ ಹೆಚ್ಚು. ನೀರಿನ ಭಾರ ಕಡಿಮೆಯಾದಂತೆ ಕೆಸರಿನಲ್ಲಿ ಸಿಕ್ಕಿಕೊಂಡಿದ್ದ ಗುಳ್ಳೆಗಳು ಬಿಡಿಸಿಕೊಂಡು ಏಳುತ್ತವೆ, ದಂಡೆಯ ರಾಡಿ ಬಿಸಿಲಿಗೆ ಬಯಲಾಗುತ್ತದೆ. ಉಬ್ಬರದ ಹೊತ್ತಿನಲ್ಲಿ ನದಿ ತುಂಬಿ ನಿಂತು ಸಭ್ಯವಾಗಿ ಕಾಣುತ್ತದೆ, ಆದರೆ ಆಗ ಊರೊಳಗಿನ ಮೋರಿಗಳ ಸರದಿ. ಅವುಗಳ ಬಾಯಿ ನದಿಯಲ್ಲಿ ಮುಳುಗಿರುವುದರಿಂದ ಒಳಗಿನ ನೀರು ಹೊರಗೆ ಹೋಗಲಾರದೆ ಕೊಳವೆಯಲ್ಲೇ ನಿಂತು ಹಳಸುತ್ತದೆ. ಆ ಹೊತ್ತಿಗೇ ಮಳೆ ಬಂದರೆ ಊರು ಮುಳುಗಿತು ಎಂದೇ ಲೆಕ್ಕ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಮೀಠಿ ನದಿ ಮನೆಗಳೊಳಗೆ ಬಂದದ್ದನ್ನು ಮುಂಬೈ ಕನ್ನಡಿಗರು ಇಂದಿಗೂ ಮರೆತಿಲ್ಲ.

ಒಂದು ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ನೂರು ಕೋಟಿ ಪಾಲು ಗಾಳಿಯಲ್ಲಿ ಹತ್ತು ಪಾಲು ಹೈಡ್ರೋಜನ್ ಸಲ್ಫೈಡ್ ಇದ್ದರೂ ನಮ್ಮ ಮೂಗು ಹಿಡಿಯುತ್ತದೆ. ಅಷ್ಟು ಕಡಿಮೆ ಇದ್ದರೆ ಅಪಾಯವಿಲ್ಲ, ತಲೆನೋವು, ವಾಕರಿಕೆ, ನಿದ್ದೆಗೇಡು ಅಷ್ಟೆ. ಆದರೆ ಹತ್ತು ಲಕ್ಷಕ್ಕೆ ನೂರು ಪಾಲು ಮುಟ್ಟಿದರೆ ಮೂಗು ಮರಗಟ್ಟಿ ವಾಸನೆಯೇ ತಿಳಿಯದಂತಾಗುತ್ತದೆ. ಅದಕ್ಕೂ ಮೇಲೆ ಹೋದರೆ ಸಾವು. ಮ್ಯಾನ್‌ಹೋಲಿಗೆ ಇಳಿದವರು ಕೂಗುವುದಕ್ಕೂ ಆಗದೆ ಕುಸಿದು ಬೀಳುವುದು ಇದರಿಂದ. ಇಂಥ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ರಕ್ಷಣಾ ಸಾಧನಗಳಿಲ್ಲದೆ ಇಳಿಸುವುದನ್ನೇ ಕಾನೂನು 2013ರಲ್ಲಿ ನಿಷೇಧಿಸಿತ್ತು ಎನ್ನುವುದು ಬೇರೆ ಮಾತು.

ಸಂಸತ್ತಿನ ಮೂಗಿಗೆ ತಾಗಿದ ಬೇಸಿಗೆ

ನಾರುವ ನದಿಗೆ ಏನು ಮಾಡಬೇಕು ಎಂಬುದನ್ನು ಅತಿ ದೀರ್ಘಕಾಲ ತಪ್ಪು ಮಾಡಿ ಮಾಡಿ ಕಲಿತ ಊರು ಲಂಡನ್. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದವರೆಗೆ ಅಲ್ಲಿನ ಮಲ ಬಹುಪಾಲು ಮನೆಗಳ ಕೆಳಗಿನ ಗುಂಡಿ ಸೇರಿ, ಅಲ್ಲಿಂದ ಗಾಡಿಗಳಲ್ಲಿ ಹೊಲಗಳಿಗೆ ಹೋಗುತ್ತಿತ್ತು. ಫ್ಲಶ್ ಪಾಯಖಾನೆ ಬಂತು. ಎಲ್ಲ ಗುಂಡಿಗಳನ್ನೂ ಮಳೆನೀರಿನ ಚರಂಡಿಗೆ ಜೋಡಿಸಿದರು. ಮನೆಗಳು ಚೊಕ್ಕಟವಾದವು, ಥೇಮ್ಸ್ ಮೋರಿಯಾಯಿತು. ಸುಮಾರು 25 ಲಕ್ಷ ಜನರ ಮಲ ನದಿಯಲ್ಲಿ ತೊಟ್ಟಿಲಾಡತೊಡಗಿತು. ಕುಡಿಯುವ ನೀರನ್ನೂ ಕಂಪನಿಗಳು ಅದೇ ನದಿಯಿಂದ ಎತ್ತಿ ಕೊಡುತ್ತಿದ್ದವು. 1848-49ರ ಕಾಲರಾದಲ್ಲಿ ಊರಿನ ಹದಿನಾಲ್ಕು ಸಾವಿರ ಜನ ಸತ್ತರು.

1855ರ ಜುಲೈನಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಉಗಿದೋಣಿಯಲ್ಲಿ ನದಿಯುದ್ದಕ್ಕೆ ಸಾಗುತ್ತಾ ಒಂದು ಸಣ್ಣ ಪ್ರಯೋಗ ಮಾಡಿದರು. ಬಿಳಿ ಕಾರ್ಡನ್ನು ಚೂರು ಮಾಡಿ, ಸುಲಭವಾಗಿ ಮುಳುಗುವಂತೆ ಒದ್ದೆ ಮಾಡಿ, ದೋಣಿ ನಿಂತಲ್ಲೆಲ್ಲ ನೀರಿಗೆ ಬಿಟ್ಟರು. ಒಂದು ಇಂಚು ಮುಳುಗುವ ಮೊದಲೇ ಚೂರು ಕಾಣದಾಯಿತು. ಅದು ಹೆಚ್ಚುಕಡಿಮೆ ಪೂರ್ತಿ ಇಳಿತದ ಹೊತ್ತು ಎಂದೂ ಅವರು ‘ಟೈಮ್ಸ್’ ಪತ್ರಿಕೆಗೆ ಬರೆದ ಕಾಗದದಲ್ಲಿ ಸೇರಿಸಿದ್ದರು. ಪತ್ರ ಅಚ್ಚಾಯಿತು, ನದಿಗೆ ಏನೂ ಆಗಲಿಲ್ಲ.

ಆದದ್ದು ಮೂರು ವರ್ಷದ ಬಳಿಕ. 1858ರ ಜೂನ್‌ನಲ್ಲಿ ಬಿಸಿಲು 30 ಡಿಗ್ರಿ ದಾಟಿ ನಿಂತಿತು. ಮಳೆಯಿಲ್ಲದೆ ನದಿ ಬತ್ತಿ ದಂಡೆಯ ಕೆಸರು ಬಯಲಾಯಿತು. ಸಂಸತ್ ಭವನ ಇರುವುದು ನದಿಯ ಅಂಚಿಗೇ. ಕಿಟಕಿಯ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ನೇತುಹಾಕಿದರೂ ನಾತ ತಡೆಯಲಿಲ್ಲ. ಹಣಕಾಸು ಮಂತ್ರಿ ಡಿಸ್ರೇಲಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಸಮಿತಿಯ ಕೋಣೆಯಿಂದ ಹೊರಗೆ ಓಡಿದ ಕಥೆ ಪ್ರಸಿದ್ಧ. ವರ್ಷಗಟ್ಟಲೆ ಯಾರು ಹಣ ಕೊಡಬೇಕು ಎಂದು ಜಗಳವಾಡುತ್ತಿದ್ದ ಸಂಸತ್ತು, ಮಸೂದೆ ಮಂಡನೆಯಾದ ಹದಿನೆಂಟೇ ದಿನದಲ್ಲಿ ಕಾನೂನು ಮಾಡಿ ಮುಗಿಸಿತು. ಶಾಸನಸಭೆಗಳನ್ನು ನಾರುವ ನದಿಯ ಪಕ್ಕದಲ್ಲೇ ಕಟ್ಟಬೇಕು ಎಂದು ನನಗೆ ಆಗಾಗ ಅನಿಸುವುದುಂಟು.

ಬಂದೆ ಗವಾಕ್ಷಿಯಲ್ಲಿ

ಎಂಜಿನಿಯರ್ ಜೋಸೆಫ್ ಬ್ಯಾಜಲ್‌ಗೆಟ್ ನದಿಗೆ ಸಮಾನಾಂತರವಾಗಿ ಇಕ್ಕೆಲದಲ್ಲೂ ಒಟ್ಟು 130 ಕಿಲೋಮೀಟರಿನಷ್ಟು ಇಟ್ಟಿಗೆಯ ಹಿರಿಚರಂಡಿಗಳನ್ನು ಕಟ್ಟಿ, ನದಿಗೆ ಬೀಳುತ್ತಿದ್ದ ಕೊಳಚೆಯನ್ನೆಲ್ಲ ಅಡ್ಡಗಟ್ಟಿ ಪೂರ್ವಕ್ಕೆ ಒಯ್ದರು. ಉತ್ತರ ದಡದಲ್ಲಿ ಬೆಕ್‌ಟನ್, ದಕ್ಷಿಣ ದಡದಲ್ಲಿ ಕ್ರಾಸ್‌ನೆಸ್. ಅಲ್ಲಿ ದೊಡ್ಡ ತೊಟ್ಟಿಗಳಲ್ಲಿ ಕೂಡಿಟ್ಟು, ಇಳಿತ ಶುರುವಾದ ಕೂಡಲೇ ಬಾಗಿಲು ತೆರೆಯುವುದು. ಕಡಲು ತಾನಾಗಿ ಎಳೆದುಕೊಂಡು ಹೋಗುತ್ತದೆ ಎಂಬ ಲೆಕ್ಕ.

ಕಾಲರಾ ನಿಂತಿತು. 1866ರಲ್ಲಿ ಕೊನೆಯ ಬಾರಿ ಬಂದಾಗ ಅದು ಹೊಡೆದದ್ದು ಹೊಸ ಚರಂಡಿಗೆ ಇನ್ನೂ ಪೂರ್ತಿ ಸೇರದಿದ್ದ ಪೂರ್ವ ಲಂಡನ್ನನ್ನು. ತಮಾಷೆಯೆಂದರೆ ಇಷ್ಟೆಲ್ಲ ಕಟ್ಟಿಸಿದವರಲ್ಲಿ ಹೆಚ್ಚಿನವರು ರೋಗ ಹರಡುವುದು ದುರ್ವಾಸನೆಯಿಂದ ಎಂದು ನಂಬಿದ್ದರು. ಕಾಲರಾ ನೀರಿನಿಂದ ಬರುತ್ತದೆ ಎಂದು ವೈದ್ಯ ಜಾನ್ ಸ್ನೋ 1854ರಲ್ಲೇ ತೋರಿಸಿಕೊಟ್ಟಿದ್ದರೂ ಕಿವಿಗೆ ಹಾಕಿಕೊಂಡವರು ಕಡಿಮೆ. ನಾತ ಓಡಿಸಲು ಹೊರಟವರು ಆಕಸ್ಮಿಕವಾಗಿ ಕಾಲರಾವನ್ನು ಓಡಿಸಿದರು.

ನಾತ ಮಾತ್ರ ಪೂರ್ತಿ ಹೋಗಲಿಲ್ಲ. ‘ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ’ ಎನ್ನುವಂತೆ, ಇಳಿತಕ್ಕೆ ಬಿಟ್ಟದ್ದರ ಒಂದು ಪಾಲು ಉಬ್ಬರಕ್ಕೆ ಮರಳಿ ಬರುತ್ತಿತ್ತು. 1878ರ ಸೆಪ್ಟೆಂಬರ್ 3ರ ಸಂಜೆ ‘ಪ್ರಿನ್ಸೆಸ್ ಆಲಿಸ್’ ಎಂಬ ವಿಹಾರನೌಕೆ ಕಲ್ಲಿದ್ದಲಿನ ಹಡಗಿಗೆ ಡಿಕ್ಕಿಯಾಗಿ ಮುಳುಗಿದ್ದು ಈ ಚರಂಡಿಬಾಯಿಗಳ ಹತ್ತಿರವೇ, ಆ ದಿನದ ಕೊಳಚೆ ಬಿಟ್ಟು ಒಂದು ಗಂಟೆಯಾಗಿತ್ತಷ್ಟೆ. ಆರು ನೂರಕ್ಕೂ ಹೆಚ್ಚು ಜನ ಸತ್ತರು. ಈಜು ಬಂದವರಿಗೂ ಆ ನೀರಿನಲ್ಲಿ ಉಳಿಗಾಲವಿರಲಿಲ್ಲ ಎಂಬ ಮಾತು ವಿಚಾರಣೆಯಲ್ಲಿ ಎದ್ದಿತು. ಆಮೇಲೆ ಕೊಳಚೆಯ ಗಟ್ಟಿಭಾಗವನ್ನು ಬೇರ್ಪಡಿಸಿ ಹಡಗಿನಲ್ಲಿ ಒಯ್ದು ಸಮುದ್ರಕ್ಕೆ ಸುರಿಯುವ ಏರ್ಪಾಡು ಬಂತು. ಅದು 1998ರವರೆಗೂ ನಡೆಯಿತು.

ಊರು ಬೆಳೆಯಿತು, ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ಚರಂಡಿಗಳು ಒಡೆದವು. 1950ರ ದಶಕದ ಬೇಸಿಗೆಗಳಲ್ಲಿ ಥೇಮ್ಸ್‌ನ ಉದ್ದನೆಯ ಭಾಗದಲ್ಲಿ ಆಮ್ಲಜನಕ ಸೊನ್ನೆಯಾಗಿ ಮತ್ತೆ ಮೊಟ್ಟೆಯ ನಾತ ಎದ್ದಿತು. 1957ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನವರು ನದಿಯ ಆ ಭಾಗ ಜೈವಿಕವಾಗಿ ಸತ್ತಿದೆ ಎಂದರು. ನಿಜವಾದ ಪಾಠ ಕಲಿತದ್ದು ಅಲ್ಲಿಂದ ಮುಂದೆ. ಎಲ್ಲಿಂದ ಎಷ್ಟು ಕೊಳೆ ಬರುತ್ತದೆ, ಅದು ಎಷ್ಟು ಆಮ್ಲಜನಕ ನುಂಗುತ್ತದೆ ಎಂಬ ಜಮಾಖರ್ಚು ಬರೆದರು. ಕೊಳಚೆಯನ್ನು ದೂರ ಒಯ್ದು ಸುರಿದರೆ ಸಾಲದು, ಬ್ಯಾಕ್ಟೀರಿಯಾಗಳಿಗೆ ಯಂತ್ರದಿಂದ ಗಾಳಿಯೂದಿ ಊಟ ದಡದ ಮೇಲೆಯೇ ಮುಗಿಸಿ, ನೀರನ್ನಷ್ಟೇ ನದಿಗೆ ಬಿಡಬೇಕು ಎಂಬುದು ಖಾತ್ರಿಯಾಯಿತು. ಕ್ರಾಸ್‌ನೆಸ್, ಬೆಕ್‌ಟನ್ ಎರಡೂ ಕಡೆ ಹೊಸ ಶುದ್ಧೀಕರಣ ಘಟಕಗಳು ಎದ್ದವು. 1974ರಲ್ಲಿ ಒಂದು ಸಾಲ್ಮನ್ ಮೀನು ವಿದ್ಯುತ್ ಸ್ಥಾವರದ ಜಾಲರಿಗೆ ಸಿಕ್ಕಿದ್ದು ದೊಡ್ಡ ಸುದ್ದಿಯಾಯಿತು. ಇಂದು ಅಲ್ಲಿ ನೂರಕ್ಕೂ ಹೆಚ್ಚು ಜಾತಿಯ ಮೀನುಗಳಿವೆ, ಸೀಲ್‌ಗಳೂ ಬರುತ್ತವೆ.

ಅಷ್ಟಾದರೂ ಬ್ಯಾಜಲ್‌ಗೆಟ್ ಬಿಟ್ಟುಹೋದ ಒಂದು ಕಿಂಡಿ ಉಳಿದಿತ್ತು. ಅವರ ಚರಂಡಿಯಲ್ಲಿ ಮಳೆನೀರೂ ಮಲನೀರೂ ಒಟ್ಟಿಗೇ ಹರಿಯುತ್ತವೆ. ಮಳೆ ಜೋರಾದರೆ ಎರಡೂ ಉಕ್ಕಿ ನದಿಗೆ. ವರ್ಷಕ್ಕೆ ಸುಮಾರು ನಾಲ್ಕು ಕೋಟಿ ಟನ್ ಹೀಗೆ ಬೀಳುತ್ತಿತ್ತು. ಇದನ್ನು ಹಿಡಿದಿಡಲು ನದಿಯ ಅಡಿಯಲ್ಲೇ 25 ಕಿಲೋಮೀಟರ್ ಉದ್ದದ, ಏಳು ಮೀಟರಿಗೂ ಹೆಚ್ಚು ಅಗಲದ ಸುರಂಗ ಕೊರೆದರು. 450 ಕೋಟಿ ಪೌಂಡ್ ಆಸುಪಾಸು ಖರ್ಚಾಯಿತು. ಅದರ ಕೊನೆಯ ಜೋಡಣೆ ಮುಗಿದದ್ದು 2025ರ ಫೆಬ್ರುವರಿಯಲ್ಲಿ.

ಕೂವಂ ಬಾಯಿಗೆ ಮರಳು

ಕೂವಂಗೆ ಥೇಮ್ಸ್‌ನ ರೋಗದ ಜೊತೆಗೆ ಇನ್ನೆರಡು ರೋಗಗಳಿವೆ.

ಮೊದಲನೆಯದು, ತಳ್ಳುವ ನೀರೇ ಇಲ್ಲ. ತಿರುವಳ್ಳೂರು ಜಿಲ್ಲೆಯಿಂದ ಹರಿದು ಬರುವ ಈ ಸಣ್ಣ ನದಿಯನ್ನು ಮೇಲ್ಭಾಗದಲ್ಲೇ ಅಣೆಕಟ್ಟೆಗಳು ಹಿಡಿದು ಚೆಂಬರಂಬಾಕ್ಕಂ ಕೆರೆಯತ್ತ ತಿರುಗಿಸುತ್ತವೆ. ಹಿಂಗಾರಿನ ಒಂದೆರಡು ತಿಂಗಳು ಬಿಟ್ಟರೆ ನಗರದೊಳಗೆ ಹರಿಯುವ ಕೂವಂನಲ್ಲಿ ನದಿಯದೇ ನೀರು ಅತಿ ಕಡಿಮೆ, ಉಳಿದದ್ದು ಚೆನ್ನೈಯವರ ಬಚ್ಚಲು ಮತ್ತು ಪಾಯಖಾನೆಯ ನೀರು. ಹದಿನೆಂಟನೆಯ ಶತಮಾನದಲ್ಲಿ ಪಚ್ಚಯ್ಯಪ್ಪ ಮೊದಲಿಯಾರರಂಥ ದೊಡ್ಡ ದುಬಾಷಿ ಇದೇ ಕೂವಂನಲ್ಲಿ ಮಿಂದು ದೇವಸ್ಥಾನಕ್ಕೆ ಹೋಗುತ್ತಿದ್ದರು ಎಂದರೆ ಈಗ ನಂಬುವುದು ಕಷ್ಟ.

ಎರಡನೆಯದು, ಬಾಯಿ ಕಟ್ಟಿದೆ. ಪೂರ್ವ ಕರಾವಳಿಯಲ್ಲಿ ಅಲೆಗಳು ವರ್ಷದ ಹೆಚ್ಚು ಭಾಗ ಮರಳನ್ನು ದಕ್ಷಿಣದಿಂದ ಉತ್ತರಕ್ಕೆ ಸಾಗಿಸುತ್ತಿರುತ್ತವೆ. 1870ರ ದಶಕದಲ್ಲಿ ಮದರಾಸು ಬಂದರಿಗಾಗಿ ಸಮುದ್ರಕ್ಕೆ ಕಲ್ಲಿನ ತೋಳುಗಳನ್ನು ಚಾಚಿದಾಗ ಆ ಸಾಗಾಟಕ್ಕೆ ಅಡ್ಡಗೋಡೆ ಬಿತ್ತು. ಗೋಡೆಯ ದಕ್ಷಿಣಕ್ಕೆ ಮರಳು ಗುಡ್ಡೆಬಿದ್ದು ಮರೀನಾ ಬೀಚು ಅಗಲವಾಯಿತು, ಉತ್ತರದಲ್ಲಿ ರಾಯಪುರಂ ಕಡೆಯ ದಡವನ್ನು ಕಡಲು ತಿನ್ನುತ್ತಾ ಹೋಯಿತು. ಜನ ಸಂಜೆ ಸುಂಡಲ್ ತಿನ್ನುತ್ತಾ ಅಡ್ಡಾಡುವ ಆ ಅಗಲ ಮರಳೇ ಕೂವಂ ಬಾಯಿಯನ್ನೂ ಕಟ್ಟುತ್ತಿದೆ. ಜೆಸಿಬಿ ತಂದು ಬಿಡಿಸುತ್ತಾರೆ, ಅಲೆ ಮತ್ತೆ ಮುಚ್ಚುತ್ತದೆ. ಉಬ್ಬರವೇ ಒಂದು ಮೀಟರ್, ಅದೂ ಸರಾಗವಾಗಿ ಒಳಗೆ ಬರಲಾರದು. ತೊಟ್ಟಿಲೂ ಆಡದೆ ನಿಂತ ನೀರು.

ಕೂವಂನ ಹೊಣೆಯನ್ನು ದಡದ ಗುಡಿಸಲುಗಳ ಮೇಲೆ ಹಾಕುವುದು ಸುಲಭವಾದ ಅಭ್ಯಾಸ. ನದಿ ಪುನಶ್ಚೇತನದ ಹೆಸರಿನಲ್ಲಿ ಸಾವಿರಾರು ಕುಟುಂಬಗಳನ್ನು ಎಬ್ಬಿಸಿ ಪೆರುಂಬಾಕ್ಕಂನಂಥ ದೂರದ ಬಹುಮಹಡಿ ವಸತಿಗಳಿಗೆ ಸಾಗಿಸಿದ್ದಾರೆ. ಪ್ರವಾಹದ ಅಪಾಯದಿಂದ ಅವರು ಪಾರಾದದ್ದು ಹೌದು, ಕೆಲಸ ಮತ್ತು ಮಕ್ಕಳ ಶಾಲೆಗಳಿಂದ ದೂರವಾದದ್ದೂ ಹೌದು. ಆದರೆ ಸಾರ್ವಜನಿಕ ನಲ್ಲಿಯಲ್ಲಿ ಬಿಂದಿಗೆ ಹಿಡಿದು ನೀರು ತರುವ ಮನೆ ಎಷ್ಟು ಕೊಳಚೆ ಹುಟ್ಟಿಸೀತು? ನದಿ ತುಂಬುವುದು ದಿನಕ್ಕೆ ಹತ್ತು ಬಾರಿ ಫ್ಲಶ್ ಒತ್ತುವ, ವಾಷಿಂಗ್ ಮೆಷಿನ್ ತಿರುಗಿಸುವ ಮನೆಗಳಿಂದ. ಆ ಮನೆಗಳ ಕಿಟಕಿಗಳು ನದಿಯತ್ತ ತೆರೆದುಕೊಳ್ಳುವುದಿಲ್ಲ ಅಷ್ಟೆ.

ಕಾರಂಜಿ, ದ್ರಾವಣ, ಹೂಳೆತ್ತುವ ಯಂತ್ರ

ನಾರುವ ನದಿಗೆ ನಗರಗಳು ಮಾಡುವ ಉಪಚಾರಗಳಲ್ಲಿ ಹೆಚ್ಚಿನವು ಮೂಗಿಗೆ ಮಾಡುವ ಉಪಚಾರಗಳು. ಸುಗಂಧ ಸಿಂಪಡಿಸುವುದು, ಬ್ಯಾಕ್ಟೀರಿಯಾ ದ್ರಾವಣ ಸುರಿಯುವುದು, ದಡಕ್ಕೆ ಎತ್ತರದ ತಗಡು ಕಟ್ಟುವುದು. ದ್ರಾವಣದ ಬ್ಯಾಕ್ಟೀರಿಯಾಗಳಿಗೂ ಉಸಿರಾಡಲು ಆಮ್ಲಜನಕ ಬೇಕಲ್ಲ? ಕಾರಂಜಿ ಹಾಕಿದರೆ ಅದರ ಸುತ್ತ ಒಂದಿಷ್ಟು ಗಾಳಿ ಬೆರೆಯುತ್ತದೆ, ದೀಪ ಹಾಕಿದರೆ ಉದ್ಘಾಟನೆಯೂ ಆಗುತ್ತದೆ. ಲಂಡನ್ನಿನವರು ಮಳೆಯ ಬಳಿಕ ಮೀನು ಸಾಯದಂತೆ ನದಿಯಲ್ಲಿ ಓಡಿಸಿದ ಆಮ್ಲಜನಕದ ಹಡಗು ದಿನಕ್ಕೆ 30 ಟನ್ ಆಮ್ಲಜನಕ ಊದುತ್ತಿತ್ತು. ಕೆಲಸ ಆಗಬೇಕಾದರೆ ಬೇಕಾಗುವ ಪ್ರಮಾಣ ಅದು.

ಹೂಳೆತ್ತುವುದು ಬೇಕು, ಆದರೆ ಕೊನೆಗೆ. ಕೊಳಚೆ ಬೀಳುತ್ತಿರುವಾಗಲೇ ಕೆಸರು ಕೆದಕಿದರೆ ಒಳಗೆ ಹುದುಗಿದ ಸಲ್ಫೈಡ್ ಎದ್ದು ಉಳಿದಿದ್ದ ಆಮ್ಲಜನಕವನ್ನೂ ಎಳೆದುಕೊಳ್ಳುತ್ತದೆ, ಮತ್ತೆರಡು ಮಳೆಗಾಲದಲ್ಲಿ ಹೂಳು ಮೊದಲಿನಷ್ಟೇ. ಸಿಂಗಾಪುರದವರು 1977ರಲ್ಲಿ ತಮ್ಮ ನದಿಯನ್ನು ಹತ್ತು ವರ್ಷದಲ್ಲಿ ಶುದ್ಧಗೊಳಿಸಲು ಹೊರಟಾಗ ಅನುಸರಿಸಿದ ಕ್ರಮ ಗಮನಿಸಬೇಕು. ಮೊದಲು ಹಂದಿ ಸಾಕಣೆ, ಬೀದಿ ಅಡುಗೆ, ಚರಂಡಿಯಿಲ್ಲದ ಮನೆಗಳ ಕೊಳೆಯನ್ನು ಮೂಲದಲ್ಲೇ ನಿಲ್ಲಿಸಿದರು, ಆಮೇಲೆ ತಳದ ಕೆಸರಿಗೆ ಕೈ ಹಾಕಿದರು. 1987ಕ್ಕೆ ನದಿಯ ನಾತ ಹೋಗಿತ್ತು. ನಾವು ಮಾಡುವುದು ತಿರುಗಾಮುರುಗಾ, ಮೊದಲು ವಾಯುವಿಹಾರದ ಪಥ, ಬೆಂಚು, ಎಲ್‌ಇಡಿ ದೀಪ.

ದಕ್ಕೆಯಿಂದ ನೋಡಿದರೆ

ಮಂಗಳೂರಿನ ಹಳೆಬಂದರಿನ ದಕ್ಕೆಯಲ್ಲಿ ನಿಂತು ಬೆಂಗ್ರೆಗೆ ಹೋಗುವ ಫೆರಿ ಬೋಟನ್ನು ಕಾಯುವವರಿಗೆ ಈ ಕಥೆಯ ಊರುಗಳು ದೂರವೆನಿಸಬಹುದು. ಎದುರಿಗೆ ಗುರುಪುರ ನದಿ, ಅಂದರೆ ಫಲ್ಗುಣಿ. ದಕ್ಷಿಣದಿಂದ ನೇತ್ರಾವತಿ ಬಂದು ಸೇರಿ ಎರಡೂ ಒಂದೇ ಅಳಿವೆಯಲ್ಲಿ ಕಡಲಿಗಿಳಿಯುತ್ತವೆ. ಇಲ್ಲಿ ಮೂಗಿಗೆ ಬಡಿಯುವುದು ಹೆಚ್ಚಾಗಿ ಮೀನು, ಡೀಸೆಲ್. ಫಲ್ಗುಣಿ ಕೂವಂ ಆಗಿಲ್ಲ. ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಿನಲ್ಲಿ ಮರುವಾಯಿ ಚಿಪ್ಪು ಹೆಕ್ಕುವವರು ಇನ್ನೂ ಇದ್ದಾರೆ, ನದಿಯ ಕಾಣೆ ಮೀನಿಗೆ ಮಾರುಕಟ್ಟೆಯಲ್ಲಿ ಇನ್ನೂ ಬೆಲೆಯಿದೆ.

ಆದರೆ ಲಕ್ಷಣಗಳು ಪರಿಚಿತವಾದವೇ. ಮಳೆಗಾಲದ ನಾಲ್ಕು ತಿಂಗಳು ಈ ನದಿಗಳು ಎಲ್ಲವನ್ನೂ ಒದ್ದು ಕಡಲಿಗೆ ಹಾಕುತ್ತವೆ. ಅದು ಮುಗಿದ ಮೇಲೆ ತುಂಬೆ, ಮರವೂರಿನ ಕಿಂಡಿ ಅಣೆಕಟ್ಟುಗಳ ಹಲಗೆ ಇಳಿಯುತ್ತದೆ. ಊರಿಗೆ ಕುಡಿಯಲು ನೀರು ಬೇಕು, ಉಪ್ಪುನೀರು ಮೇಲೇರದಂತೆ ತಡೆಯಲೂ ಬೇಕು, ಆದ್ದರಿಂದ ಅದು ತಪ್ಪೇನಲ್ಲ. ಆದರೆ ಅಣೆಕಟ್ಟಿನ ಕೆಳಗೆ ಬೇಸಿಗೆಯಿಡೀ ತಳ್ಳುವ ನೀರು ಬಹಳ ಕಡಿಮೆ. ಇತ್ತ ಗುಡ್ಡ ತಗ್ಗುಗಳ ಊರಾದ್ದರಿಂದ ಕೊಳಚೆಯನ್ನು ಅಲ್ಲಲ್ಲಿ ವೆಟ್‌ವೆಲ್‌ಗಳಲ್ಲಿ ಕೂಡಿಸಿ ಪಂಪಿನಿಂದ ಎತ್ತಿ ಶುದ್ಧೀಕರಣ ಘಟಕಕ್ಕೆ ಕಳಿಸಬೇಕು. ಕರೆಂಟು ಹೋದರೆ, ಪಂಪು ಕೆಟ್ಟರೆ, ಉಕ್ಕಿದ್ದು ಪಕ್ಕದ ತೋಡಿಗೆ, ತೋಡಿನಿಂದ ಹೊಳೆಗೆ. ಮರುವಾಯಿಯಂಥ ಚಿಪ್ಪುಜೀವಿಗಳು ದಿನವಿಡೀ ನೀರು ಸೋಸಿಯೇ ಬದುಕುವುದರಿಂದ ನೀರಿನ ರೋಗಾಣುಗಳೆಲ್ಲ ಅವುಗಳ ಮೈಯಲ್ಲಿ ಕೂಡಿಕೊಳ್ಳುತ್ತವೆ. ಚೆನ್ನಾಗಿ ಬೇಯಿಸದೆ ತಿನ್ನಬೇಡಿ.

ನಮಗೆ ಲಂಡನ್ನಿನ ಸುರಂಗ ಬೇಕಾಗಿಲ್ಲ. ನಮ್ಮ ಊರುಗಳಲ್ಲಿ ಮಳೆನೀರಿಗೊಂದು, ಮಲನೀರಿಗೊಂದು ದಾರಿ ಬೇರೆ ಬೇರೆ ಇರಬೇಕೆಂಬುದೇ ನಿಯಮ. ಕಾಗದದಲ್ಲಿ ಹಾಗೇ ಇದೆ ಕೂಡ. ಕೆಡುವುದು ಬೀದಿಯಲ್ಲಿ. ಒಳಚರಂಡಿ (ಯುಜಿಡಿ) ಸಂಪರ್ಕಕ್ಕೆ ಅಲೆಯುವುದಕ್ಕಿಂತ ರಾತ್ರೋರಾತ್ರಿ ಒಂದು ಪೈಪು ಮಳೆನೀರಿನ ಚರಂಡಿಗೆ ತಿರುಗಿಸುವುದು ಸುಲಭ, ಅಗ್ಗ. ಅಪಾರ್ಟ್‌ಮೆಂಟಿನವರೂ ಮಾಡುತ್ತಾರೆ, ಹೋಟೆಲಿನವರೂ ಮಾಡುತ್ತಾರೆ.

ನಿಮ್ಮ ಬೀದಿಯ ಸ್ಥಿತಿ ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಜನವರಿಯಲ್ಲೋ ಫೆಬ್ರುವರಿಯಲ್ಲೋ, ಮಳೆ ಬಿದ್ದು ತಿಂಗಳು ಕಳೆದ ಒಂದು ಬೆಳಗ್ಗೆ ಎಂಟು ಗಂಟೆಯ ಹೊತ್ತಿಗೆ ಮನೆಯೆದುರಿನ ಮಳೆನೀರು ಚರಂಡಿಯ ಚಪ್ಪಡಿ ಸಂದಿಯಲ್ಲಿ ಇಣುಕಿ ನೋಡಿ. ಒಳಗೆ ನೀರು ಹರಿಯುತ್ತಿದ್ದರೆ ಅದು ಮಳೆಯದ್ದಲ್ಲ.